ಆಷಾಢದ ಟ್ರಯಲ್

ನಮ್ಮ ಕಾರು ನಮ್ಮ ಮನೆಗೆ ಬಂದದ್ದು ಹೇಗೆ ಎಂಬುದರ ಬಗ್ಗೆ ನನಗೆ ಈಗ ಖಾತ್ರಿಯಿಲ್ಲ. ನನ್ನ ತಲೆಯಲ್ಲಿ ಒಂದು ಕಥೆ ಇದೆ. ಅದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನೆನಪಿರುವುದು ಆ ದಿನವೋ ಅಥವಾ ಆ ದಿನದ ಬಗ್ಗೆ ನಾನೇ ಆಡಿದ ಮಾತುಗಳೋ ತಿಳಿಯುವುದಿಲ್ಲ. ಹೆಂಡತಿಯ ಹತ್ತಿರ ಬೇರೊಂದು ಕಥೆ ಇದೆ. ಕಾರು ಮಾರಿದವರ ಹತ್ತಿರ ಮೂರನೆಯದು. ಮೂರರಲ್ಲೂ ಕಾರು ಮಾತ್ರ ಒಂದೇ: ಬೆಳ್ಳಿ ಬಣ್ಣದ, ಡಬ್ಬಿಯಂತೆ ಎತ್ತರವಾದ, ಹಿಂಬಾಗಿಲಿನ ಮೇಲೊಂದು ಗೀರು ಇರುವ ಹಳೆಯ ಕಾರು. ಆ ಗೀರು ಮೊದಲೇ ಇತ್ತೋ ನಾನು ಮಾಡಿದ್ದೋ ಎಂಬ ಬಗ್ಗೆಯೂ ಮನೆಯಲ್ಲಿ ಒಮ್ಮತವಿಲ್ಲ. ಅದನ್ನು ಇಲ್ಲಿ ಬಿಡುತ್ತೇನೆ.

ನಾನು ಇತಿಹಾಸ ಓದಿದವನು, ಈಗ ಅದನ್ನೇ ಪಾಠ ಮಾಡುವವನು. ಸಾಕ್ಷಿ ಹೇಳುವವನು ಎಷ್ಟು ಗಟ್ಟಿಯಾಗಿ ಹೇಳುತ್ತಾನೋ ಅಷ್ಟು ಅವನನ್ನು ಅನುಮಾನದಿಂದ ನೋಡಿ ಎಂದು ವರ್ಷವಿಡೀ ತರಗತಿಯಲ್ಲಿ ಹೇಳುತ್ತೇನೆ. ಮನೆಯಲ್ಲಿ ಅದೇ ಪಾಠ ನನ್ನ ಮೇಲೆ ಪ್ರಯೋಗವಾಗುತ್ತದೆ. ನಾನು ಒಂದು ಕಡೆ ನಿಂತವನೂ ಅಲ್ಲ. ಪತ್ರಿಕೆಯ ಡೆಸ್ಕಿನಲ್ಲಿದ್ದೆ, ಟ್ಯುಟೋರಿಯಲ್ ನಡೆಸಿದೆ, ಪಿಎಚ್.ಡಿ. ಅರ್ಧಕ್ಕೆ ಬಿಟ್ಟೆ, ಕೊನೆಗೆ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದೆ. ಅತಿಥಿ ಎಂಬುದು ಗೌರವದ ಮಾತಿನಂತೆ ಕೇಳಿಸುತ್ತದೆ. ಆದರೆ ರಜೆ ಬಂದ ಕೂಡಲೇ ಅತಿಥಿಯನ್ನು ಮನೆಗೆ ಕಳಿಸುತ್ತಾರೆ. ಮತ್ತೆ ಕರೆಯುವ ತನಕ ಸಂಬಳವಿಲ್ಲ.

ನನ್ನ ಹೆಂಡತಿ ಮೊಟ್ಟೆಯಿಲ್ಲದ ಕೇಕ್ ಮಾಡುತ್ತಾಳೆ. ನಾವು ಹೊಸಮನೆ ಬಡಾವಣೆಯ ಹಳೆಯ ಬಾಡಿಗೆ ಮನೆಯಲ್ಲಿದ್ದಾಗ ಪಕ್ಕದವರ ಮಗುವಿನ ಹುಟ್ಟುಹಬ್ಬಕ್ಕೆಂದು ಶುರುವಾದದ್ದು, ರವೀಂದ್ರನಗರದ ಈಗಿನ ಮಹಡಿ ಮನೆಗೆ ಬರುವ ಹೊತ್ತಿಗೆ ದೊಡ್ಡ ಓವನ್ ಕೊಳ್ಳುವಷ್ಟಾಗಿತ್ತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹುಟ್ಟುಹಬ್ಬಕ್ಕೆ ಕೇಕ್ ಬೇಕು, ಮೊಟ್ಟೆ ಬೇಡ. ಅಜ್ಜಿ ದೇವರ ಕೋಣೆಯಿಂದ ಎದ್ದು ಬಂದು ಮೊಮ್ಮಗನ ಕೈಯಿಂದ ಒಂದು ತುಂಡು ತಿನ್ನಬೇಕು. ಮೊಸರು ಹಾಕಿ ಮಾಡುವ ಈ ಕೇಕಿನ ತೊಂದರೆ ಒಂದೇ. ಮೊಟ್ಟೆಯ ಹಿಡಿತವಿಲ್ಲದ್ದರಿಂದ ಅದು ಬೇಗ ಪುಡಿಯಾಗುತ್ತದೆ. ಕುಲುಕಿದರೆ ಪದರದ ಮೇಲಿಂದ ಪದರ ಜಾರುತ್ತದೆ.

ಭದ್ರಾವತಿಯಲ್ಲಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಒಬ್ಬ ಅಮ್ಮನ ತಿಂಡಿ ಅಂಗಡಿ ಇದೆ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಗಲ್ಲಾಪೆಟ್ಟಿಗೆಯ ಮುಂದೆ ದಿನವಿಡೀ ಒಂದೇ ಭಂಗಿ. ಕಾರ್ಖಾನೆ ಕಡೆಯವರೊಡನೆ ತಮಿಳಿನಲ್ಲಿ ಚೌಕಾಸಿ ಮಾಡುತ್ತಾರೆ, ಹಳ್ಳಿಯಿಂದ ಬಂದವರಿಗೆ ಅಡಿಕೆ ರೇಟು ಕೇಳುತ್ತಾರೆ. ಮೊಟ್ಟೆ ಮುಟ್ಟಿದ ಯಾವ ಪದಾರ್ಥವೂ ಅವರ ಅಂಗಡಿಯ ಕಪಾಟು ಹತ್ತುವುದಿಲ್ಲ. ಯಾರದೋ ಮನೆಯ ಸಮಾರಂಭದಲ್ಲಿ ನನ್ನ ಹೆಂಡತಿಯ ಕೇಕ್ ತಿಂದ ಅವರು ಫೋನ್ ಮಾಡಿ, ದಿನಾ ಬೆಳಿಗ್ಗೆ ಕೇಕ್ ಕೊಡುವುದಾದರೆ ತೆಗೆದುಕೊಳ್ಳುತ್ತೇನೆ ಎಂದರು. ಮದುವೆ, ಹುಟ್ಟುಹಬ್ಬ ಎಂದು ಆಗೊಮ್ಮೆ ಈಗೊಮ್ಮೆ ಬರುವ ಆರ್ಡರ್ ಬೇರೆ, ದಿನನಿತ್ಯದ ಆರ್ಡರ್ ಬೇರೆ. ಅದು ಸಿಕ್ಕರೆ ಅವಳ ಕೆಲಸ ಹವ್ಯಾಸ ಎನ್ನಿಸಿಕೊಳ್ಳುವುದರಿಂದ ಪಾರಾಗುತ್ತಿತ್ತು. ಹವ್ಯಾಸ ಎಂಬ ಆ ಮಾತನ್ನು ಹೆಚ್ಚಾಗಿ ಆಡುತ್ತಿದ್ದವರು ನನ್ನ ಕಡೆಯ ನೆಂಟರು.

ಮೊದಲ ಕೇಕನ್ನು ಸ್ಕೂಟರಿನಲ್ಲಿ ಒಯ್ದೆವು. ಇದರಲ್ಲಿ ನಮ್ಮಿಬ್ಬರಿಗೂ ತಕರಾರಿಲ್ಲ. ನಾನು ಓಡಿಸುತ್ತಿದ್ದೆ, ಅವಳು ಹಿಂದೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮಲವಗೊಪ್ಪ ದಾಟುವ ತನಕ ಎಲ್ಲ ಚೆನ್ನಾಗಿತ್ತು. ನಿದಿಗೆಯ ಹತ್ತಿರ ಗಾಳಿ, ಮಾಚೇನಹಳ್ಳಿಯ ಹತ್ತಿರ ಹನಿ, ಆಮೇಲೆ ನನ್ನ ಕಣ್ಣಿಗೆ ಬೀಳದ ಒಂದು ರಸ್ತೆ ಹಂಪು. ಅಂಗಡಿಯಲ್ಲಿ ಅಮ್ಮ ಡಬ್ಬಿ ತೆರೆದರು.

"ಇದು ಕೇಕಲ್ಲ ಮಾರಾಯ್ತಿ, ಉಪ್ಪಿಟ್ಟು," ಎಂದರು.

ಬೆರಳಲ್ಲಿ ತೆಗೆದು ತಿಂದರು, ಇನ್ನೊಂದು ಸಲ ತಿಂದರು. ರುಚಿಗೆ ನಾನು ಹೆಸರಿಡಲ್ಲ, ಆದರೆ ಇದನ್ನು ಗಿರಾಕಿಗೆ ಹೇಗೆ ಕೊಡಲಿ ಎಂದು ಕೇಳಿದರು. ಸ್ಕೂಟರ್ ಆಗುವುದಿಲ್ಲ, ಬಸ್ಸಂತೂ ಬೇಡವೇ ಬೇಡ, ಕಾರಿನಲ್ಲಿ ತರುವುದಾದರೆ ಬರುವ ಸೋಮವಾರದಿಂದ ಶುರು ಮಾಡು ಎಂದರು. ದಾವಣಗೆರೆಯವನೊಬ್ಬ ವ್ಯಾನಿನಲ್ಲಿ ತಂದುಕೊಡುತ್ತೇನೆ ಎಂದು ಹಿಂದೆ ಬಿದ್ದಿದ್ದಾನೆ, ಸೋಮವಾರ ನೀನು ಬಾರದಿದ್ದರೆ ಅವನಿಗೆ ಹೂಂ ಎನ್ನುತ್ತೇನೆ ಎಂದೂ ಸೇರಿಸಿದರು. ಅದರಲ್ಲಿ ಬೆದರಿಕೆಯೇನೂ ಇರಲಿಲ್ಲ. ಕಪಾಟು ಖಾಲಿ ಇಡುವಂತಿಲ್ಲ, ಅಷ್ಟೇ.

ವಾಪಸು ಬರುವಾಗ ಹೆಂಡತಿ ಖಾಲಿ ಡಬ್ಬಿ ಹಿಡಿದುಕೊಂಡು ಕುಳಿತಿದ್ದಳು. ಮನೆ ಮುಟ್ಟಿದ ಮೇಲೆ, ನಾಳೆ ಕಾರು ನೋಡಲು ಹೋಗೋಣ ಎಂದಳು.

ಇಲ್ಲಿಂದ ನನ್ನ ನೆನಪು ಸಂಶಯಾಸ್ಪದವಾಗುತ್ತದೆ.

ಆಲ್ಕೊಳ ಸರ್ಕಲ್ ದಾಟಿ ಸ್ವಲ್ಪ ಮುಂದೆ, ತಗಡಿನ ಚಾವಣಿಯ ಕೆಳಗೆ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿದ ಒಂದು ಜಾಗ. ಅದರ ಮಾಲೀಕರು ಅರವತ್ತರ ಆಸುಪಾಸಿನ ಮುಸಲ್ಮಾನರು, ಮೊದಲು ಲಾರಿ ಮೆಕ್ಯಾನಿಕ್ ಆಗಿದ್ದವರು. ಎಲ್ಲರೂ ಅವರನ್ನು ಭಾಯ್ ಎನ್ನುತ್ತಾರೆ, ನಾವೂ ಹಾಗೇ ಅಂದೆವು. ಕೆಲಸದವರಿಗೆ ದಖನಿ ಉರ್ದುವಿನಲ್ಲಿ ಗದರುತ್ತಿದ್ದರು, ನನ್ನೊಡನೆ ವ್ಯಾಪಾರದ ಕನ್ನಡ, ನನ್ನ ಹೆಂಡತಿಯೊಡನೆ ಇನ್ನೂ ಮೆತ್ತಗಿನ ಕನ್ನಡ. ಗೇಟಿನ ಬಳಿ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾದ ನಿಂಬೆಹಣ್ಣುಗಳು ಬಿದ್ದಿದ್ದವು ಎಂದು ನನಗೆ ನೆನಪು. ಆದರೆ ಕಾರನ್ನು ಕೊಂಡ ದಿನ ನಮ್ಮದೇ ಚಕ್ರದಡಿ ನಿಂಬೆಹಣ್ಣಿಟ್ಟಿದ್ದರು. ಆ ನಿಂಬೆಹಣ್ಣು ಉರುಳಿಕೊಂಡು ಬಂದು ಈ ದಿನದೊಳಗೆ ಸೇರಿಕೊಂಡಿರಬಹುದು.

ನಾನು ಬರಿಗೈಯಲ್ಲಿ ಹೋಗಿರಲಿಲ್ಲ. ರಾತ್ರಿಯೆಲ್ಲ ಫೋನಿನಲ್ಲಿ ಓದಿ, ಯಾವ ಮಾಡೆಲ್ ಎಷ್ಟು ಓಡಿದ್ದರೆ ಏನು ಬೆಲೆ, ಟೈರಿನ ವಯಸ್ಸು ತಿಳಿಯುವುದು ಹೇಗೆ, ಅಪಘಾತವಾದ ಗಾಡಿಯ ಬಾನೆಟ್ಟಿನ ಬೋಲ್ಟು ಹೇಗಿರುತ್ತದೆ ಎಂದೆಲ್ಲ ಕಲಿತಿದ್ದೆ. ಅವಳು ತಂದದ್ದು ಒಂದೇ ಒಂದು ಖಾಲಿ ಕೇಕ್ ಡಬ್ಬಿ. ಸಾಲಿನ ಒಂದೊಂದೇ ಕಾರಿನ ಡಿಕ್ಕಿ ತೆಗೆಸಿ, ಡಬ್ಬಿಯನ್ನು ಒಳಗಿಟ್ಟು, ಅಲುಗಾಡಿಸಿ, ತೆಗೆದು, ಮುಂದಿನದಕ್ಕೆ ಹೋಗುತ್ತಿದ್ದಳು. ಇಂಜಿನ್ ಬಗ್ಗೆ ಒಂದು ಪ್ರಶ್ನೆಯಿಲ್ಲ. ಭಾಯ್ ನನ್ನ ಪಕ್ಕ ನಿಂತು ಅದನ್ನು ನೋಡುತ್ತಿದ್ದರು.

"ಸಾರ್, ಮೂವತ್ತು ವರ್ಷದಿಂದ ಗಾಡಿ ಮಾರ್ತಿದೀನಿ," ಎಂದರು. "ಗಾಡೀನ ಹಿಂದಿಂದ ನೋಡೋರು ಇವರೇ ಮೊದಲು."

ಮೊಟ್ಟೆಯಿಲ್ಲದ ಕೇಕ್ ಸಾಗಿಸಲು ಎಂದೆ. ಮೊಟ್ಟೆ ಇಲ್ಲದೆ ಅದು ಉಬ್ಬುವುದು ಹೇಗೆ ಎಂದು ಅವರಿಗೆ ನಿಜವಾದ ಕುತೂಹಲ ಹುಟ್ಟಿತು. ಹೆಂಡತಿ ಡಿಕ್ಕಿಯೊಳಗೆ ತಲೆಯಿಟ್ಟುಕೊಂಡೇ ಮೊಸರು, ಸೋಡಾ ಎಂದು ವಿವರಿಸಿದಳು. ಕೊನೆಗೆ ಅವಳು ಆರಿಸಿದ್ದು ಈ ಬೆಳ್ಳಿ ಡಬ್ಬಿ ಕಾರನ್ನು. ಹಿಂದಿನ ಸೀಟು ಮಡಚಿದರೆ ನೆಲ ಸಪಾಟಾಗುತ್ತಿತ್ತು. ನಾನು ಆರಿಸಿದ್ದ ಕಾರು ಇದಕ್ಕಿಂತ ಹೊಸದು, ಕಡಿಮೆ ಓಡಿದ್ದು. ಅದರ ಡಿಕ್ಕಿಯಲ್ಲಿ ಕೇಕ್ ಡಬ್ಬಿ ಓರೆಯಾಗಿ ನಿಂತಿತು. ಅಲ್ಲಿಗೆ ನನ್ನ ರಾತ್ರಿಯ ಓದು ಮುಗಿಯಿತು.

ಆಗ ನಾನು ನನ್ನ ಕೊನೆಯ ಅಸ್ತ್ರ ತೆಗೆದೆ. ಆಷಾಢದಲ್ಲಿ ನಮ್ಮವರು ಯಾರೂ ಗಾಡಿ ಕೊಳ್ಳುವುದಿಲ್ಲ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ವಾಹನವಂತೂ ಇಲ್ಲವೇ ಇಲ್ಲ. ಇಂಥದ್ದನ್ನು ನಂಬದವನಿಗೆ ಅದು ಲಾಭದ ತಿಂಗಳಾಗಬೇಕು. ಮಳೆ ಹಿಡಿದಿತ್ತು, ಗಾಳಿ ಬೀಸುತ್ತಿತ್ತು. ಹೇಗೂ ಆಷಾಢ, ನಿಮ್ಮ ವ್ಯಾಪಾರ ನಿಂತಿರುತ್ತದೆ, ನಮಗೇನೂ ಅಡ್ಡಿಯಿಲ್ಲ, ಬೆಲೆಯಲ್ಲಿ ಸ್ವಲ್ಪ ನೋಡಿ ಎಂದೆ. ಭಾಯ್ ನನ್ನ ಮುಖವನ್ನೇ ನೋಡಿದರು. ಆಮೇಲೆ ನಕ್ಕರು.

"ನಿಮ್ಮ ಆಷಾಢ ನಂಗೆ ನಿಮಗಿಂತ ಚೆನ್ನಾಗಿ ಗೊತ್ತು ಸಾರ್. ರಂಜಾನ್ ಯಾವಾಗ ಅಂತ ನಮ್ಮ ಮನೇಲಿ ಹೇಳ್ತಾರೆ. ಆಷಾಢ ಯಾವಾಗ ಅಂತ ನಾನೇ ಲೆಕ್ಕ ಇಟ್ಕೋಬೇಕು, ವ್ಯಾಪಾರದ ಹೊಟ್ಟೆ ಮೇಲೆ ಹೊಡೀತದಲ್ಲ."

ಈ ಮಾತು ಅಕ್ಷರಶಃ ಹೀಗೇ ಇತ್ತು ಎಂದು ನಾನು ಆಣೆ ಮಾಡಲಾರೆ. ನಗು ಇತ್ತು. ಅದನ್ನು ಹೆಂಡತಿಯೂ ಒಪ್ಪುತ್ತಾಳೆ.

ಬೆಲೆ ಹೇಗೋ ಕುದುರಿತು. ಕುದುರದೆ ಇದ್ದದ್ದು ಸಾಲ. ಆ ಶೆಡ್ಡಿನ ಮೂಲೆಯಲ್ಲೇ ಫೈನಾನ್ಸ್ ಕಂಪನಿಯವರೊಬ್ಬರ ಮೇಜಿತ್ತು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು, ಮನೆಮಾತು ತಮಿಳು, ಮಾತಿಗೆ ಮುಂಚೆ ತಲೆಯಾಡಿಸುವ ಅಭ್ಯಾಸ. ಏನು ಕೆಲಸ ಎಂದು ನನ್ನನ್ನು ಕೇಳಿದರು. ಇತಿಹಾಸದ ಉಪನ್ಯಾಸಕ ಎಂದೆ. ತಲೆಯಾಡಿಸಿ, ಪರ್ಮನೆಂಟಾ ಎಂದು ಕೇಳಿದರು. ಅತಿಥಿ ಎಂದೆ. ಪೆನ್ನನ್ನು ಮೆಲ್ಲಗೆ ಕೆಳಗಿಟ್ಟರು. ಈ ತಿಂಗಳು ಸಂಬಳ ಬಂದಿದೆಯೇ ಎಂದು ಕೇಳಲೂ ಇಲ್ಲ. ಅದು ಅವರ ಸೌಜನ್ಯ.

ಹಾಗಾದರೆ ಸಾಲ ನನ್ನ ಹೆಸರಿಗೆ ಮಾಡಿ ಎಂದಳು ಹೆಂಡತಿ. ಅವರು ಅವಳ ಫೋನಿನಲ್ಲಿ ಕೇಕಿನ ಹಣ ಬಂದು ಬೀಳುತ್ತಿದ್ದ ಖಾತೆಯನ್ನು ನೋಡಿದರು, ಮೊದಲ ಸಲ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಇದು ಆಗಬಹುದು, ಆದರೆ ಬಿಡಿ ಆರ್ಡರುಗಳು ಸಾಲದು, ದಿನನಿತ್ಯ ಒಬ್ಬರು ಕೊಳ್ಳುತ್ತಾರೆ ಎಂದು ತೋರಿಸಿದರೆ ಮೇಲಿನವರು ಒಪ್ಪುತ್ತಾರೆ, ಅಂಥವರು ಯಾರಾದರೂ ಇದ್ದಾರೆಯೇ ಎಂದರು. ಇದ್ದಾರೆ, ಭದ್ರಾವತಿಯಲ್ಲಿ, ಕಾರು ಇದ್ದರೆ ಮಾತ್ರ ಎಂದಳು ಅವಳು.

ಹೀಗೆ ಗಂಟು ಬಿತ್ತು. ಕಾರಿಲ್ಲದೆ ಆರ್ಡರಿಲ್ಲ. ಆರ್ಡರಿಲ್ಲದೆ ಸಾಲವಿಲ್ಲ. ಸಾಲವಿಲ್ಲದೆ ಕಾರಿಲ್ಲ. ಆ ದಿನ ಶುಕ್ರವಾರವೋ ಶನಿವಾರವೋ ಇರಬೇಕು, ಸೋಮವಾರ ಎದುರಿಗೇ ಇತ್ತು. ಹೆಂಡತಿ ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದಳು. ಅವಳು ಅಳುವವಳಲ್ಲ. ಡಬ್ಬಿಯ ಮುಚ್ಚಳವನ್ನು ತೆಗೆಯುವುದು, ಹಾಕುವುದು, ತೆಗೆಯುವುದು, ಅಷ್ಟನ್ನೇ ಮಾಡುತ್ತಿದ್ದಳು.

ಮುಂದಿನ ಮಾತು ಯಾರದ್ದು ಎಂಬುದೇ ನಮ್ಮ ಮನೆಯ ಜಗಳ.

ನನ್ನ ಕಥೆಯಲ್ಲಿ ಗಂಟು ಬಿಚ್ಚಿದವನು ನಾನು. ಆಷಾಢದಲ್ಲಿ ಈ ಕಾರನ್ನು ಯಾರೂ ಕೊಳ್ಳುವುದಿಲ್ಲ, ನಿಮ್ಮಲ್ಲಿ ಸುಮ್ಮನೆ ನಿಲ್ಲುವ ಬದಲು ಟ್ರಯಲ್ ಎಂದು ನಮ್ಮಲ್ಲಿರಲಿ, ಶ್ರಾವಣಕ್ಕೆ ಸಾಲ ಮಾಡಿಸಿ ಕೊಂಡುಬಿಡುತ್ತೇವೆ ಎಂದು ನಾನು ತರ್ಕಬದ್ಧವಾಗಿ ಹೇಳಿದೆ, ಭಾಯ್ ಒಪ್ಪಿದರು. ಹೆಂಡತಿಯ ಪ್ರಕಾರ ಆ ಹೊತ್ತಿನಲ್ಲಿ ನಾನು ಅಲ್ಲಿರಲೇ ಇಲ್ಲ, ಶೆಡ್ಡಿನ ಆ ತುದಿಯಲ್ಲಿ ಮಂಡಿಯೂರಿ ಯಾವುದೋ ಕಾರಿನ ಟೈರಿನ ಮೇಲಿನ ಅಕ್ಷರ ಓದುತ್ತಿದ್ದೆ. ಸೋಮವಾರ ಒಂದು ದಿನಕ್ಕೆ ಗಾಡಿ ಬಾಡಿಗೆಗೆ ಕೊಡ್ತೀರಾ ಎಂದು ಕೇಳಿದವಳು ಅವಳು. ಭಾಯ್ ಹೇಳುವುದೆಂದರೆ ಯಾರೂ ಏನೂ ಕೇಳಲಿಲ್ಲ, ತಾವೇ ಹೇಳಿದ್ದು. ಅವರು ಹೇಳಿದ ಮಾತು ಮಾತ್ರ ಮೂರು ಕಥೆಗಳಲ್ಲೂ ಒಂದೇ ಇದೆ.

"ನಿಂತ ಗಾಡಿ ಬ್ಯಾಟರಿ ಸಾಯ್ತದೆ. ಸಾರ್ ಹೇಳಿದ್ರಲ್ಲ, ಆಷಾಢ. ತಗೊಂಡೋಗಿ, ಓಡಿಸ್ಕೊಂಡಿರಿ. ಟ್ರಯಲ್ ಅಂದ್ರೆ ಇಷ್ಟೇ ದಿನ ಅಂತ ಎಲ್ಲೂ ಬರೆದಿಲ್ಲ."

ಮುಂಗಡ ಎಂದು ಸ್ವಲ್ಪ ಕೊಡಲು ಹೋದೆ. ಸಾಲ ಮಂಜೂರಾದ ದಿನ ಕೊಡಿ ಎಂದರು. ನನ್ನ ಲೈಸೆನ್ಸಿನ ಫೋಟೋ ತೆಗೆದುಕೊಂಡರು, ಇನ್ಶೂರೆನ್ಸ್ ಇದೆ ಎಂದು ತೋರಿಸಿದರು, ಡೀಸೆಲ್ ಅಲ್ಲ ಪೆಟ್ರೋಲ್ ಎಂದು ಎರಡು ಸಲ ಹೇಳಿದರು. ಹಿಂದಿನ ಗಾಜಿಗೆ ಅಂಟಿಸಿದ್ದ "ಮಾರಾಟಕ್ಕಿದೆ" ಎಂಬ ಚೀಟಿ ಮಾತ್ರ ಹಾಗೇ ಉಳಿಯಿತು. ಅದರಡಿ ಅವರ ಫೋನ್ ನಂಬರ್ ಇತ್ತು.

ಸೋಮವಾರ ಬೆಳಿಗ್ಗೆ ಮಡಚಿದ ಸೀಟಿನ ಮೇಲೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಪೈನಾಪಲ್ ಕೇಕಿನ ಡಬ್ಬಿಗಳನ್ನಿಟ್ಟು ಹೊರಟೆವು. ಒದ್ದೆ ಬಟ್ಟೆಯ ಮೇಲೆ ಡಬ್ಬಿ ಜಾರುವುದಿಲ್ಲ, ಅದು ಅವಳ ಯೋಚನೆ. ಅವಳು ಮುಂದೆ ಕೂರದೆ ಹಿಂದೆ ಡಬ್ಬಿಗಳ ಪಕ್ಕ ಮುದುಡಿ ಕುಳಿತು ದಾರಿಯುದ್ದಕ್ಕೂ ನನ್ನ ಡ್ರೈವಿಂಗಿಗೆ ಅಂಕ ಕೊಡುತ್ತಿದ್ದಳು. ಹಂಪು ಬಂದರೆ ಹಂಪು, ಲಾರಿ ಬಂದರೆ ಲಾರಿ. ಆ ಮಾಚೇನಹಳ್ಳಿಯ ಹಂಪನ್ನು ನಾನು ಗರ್ಭಿಣಿಯನ್ನು ಮೆಟ್ಟಿಲಿಳಿಸುವ ಹಾಗೆ ದಾಟಿಸಿದೆ. ಹಿಂದೆ ಬಸ್ಸಿನವನೊಬ್ಬ ಹಾರ್ನ್ ಹಾಕಿ ಹಾಕಿ ಸೋತ.

ಅಂಗಡಿಯಲ್ಲಿ ಅಮ್ಮ ಮುಚ್ಚಳ ತೆಗೆದು ನೋಡಿದರು. ಡಬ್ಬಿಗಳನ್ನು ಕಪಾಟಿಗೆ ಏರಿಸಿದರು. ಹೆಂಡತಿ ಕಪಾಟಿನಲ್ಲಿ ಕುಳಿತ ಕೇಕಿನ ಒಂದು ಫೋಟೋ ತೆಗೆದುಕೊಂಡಳು. ನಾವು ಹೊರಡುವಾಗ ಅಮ್ಮ, "ನಾಳೆ ಚಾಕೊಲೇಟಿಂದೂ ಎರಡು ತಾ," ಎಂದರು. ಕಾರಿನಲ್ಲಿ ಕುಳಿತ ಮೇಲೆ ಹೆಂಡತಿ ತನ್ನ ಕೈ ನೋಡಿಕೊಂಡಳು. ದಾರಿಯುದ್ದಕ್ಕೂ ಡಬ್ಬಿ ಹಿಡಿದದ್ದಕ್ಕೆ ಅಂಗೈಯಲ್ಲಿ ಅದರ ಅಂಚಿನ ಗೆರೆ ಮೂಡಿತ್ತು. ಆಮೇಲೆ ಇಬ್ಬರೂ ನಿದಿಗೆಯಲ್ಲಿ ನಿಲ್ಲಿಸಿ ಕಾಫಿ ಕುಡಿದೆವು. ಆ ಕಾಫಿ ಬಹಳ ಚೆನ್ನಾಗಿತ್ತು ಎಂದು ನನಗೆ ನೆನಪಿದೆ. ಆಮೇಲೆ ಎಷ್ಟೋ ಸಲ ಅಲ್ಲಿ ಕುಡಿದಿದ್ದೇನೆ, ಅದು ಸಾಧಾರಣ ಕಾಫಿ.

ಆ ದಿನಗಳು ನನಗೆ ಇಷ್ಟ. ಕಾಲೇಜಿನಿಂದ ಕರೆ ಬಂದಿರಲಿಲ್ಲ, ಬೆಳಗ್ಗೆ ಎದ್ದರೆ ಹೋಗಲು ಒಂದು ಕಡೆ ಇತ್ತು. ಮರಳಿ ಬರುವಾಗ ಖಾಲಿ ಕಾರಿನಲ್ಲಿ ವೆನಿಲಾ ವಾಸನೆ, ಹೊರಗೆ ಸಣ್ಣ ಮಳೆ. ಸ್ವಲ್ಪ ದಿನಕ್ಕೆ ಹೆಂಡತಿ, ಬರುವಾಗ ನಾನು ಓಡಿಸ್ತೀನಿ ಎಂದು ಶುರು ಮಾಡಿದಳು. ಲೈಸೆನ್ಸ್ ಮದುವೆಗೆ ಮುಂಚೆಯೇ ಮಾಡಿಸಿಕೊಂಡಿದ್ದಳು, ಓಡಿಸಲು ಕಾರಿರಲಿಲ್ಲ. ಈಗ ಅಂಕ ಕೊಡುವ ಸರದಿ ನನ್ನದು. ನನ್ನ ಅಂಕಗಳಿಗೆ ಅವಳು ಗಮನ ಕೊಡಲಿಲ್ಲ.

ಚೀಟಿಯ ಕತೆ ಆಗ ಶುರುವಾಯಿತು. ಭದ್ರಾವತಿಯಲ್ಲಿ ಕಾರು ನಿಲ್ಲಿಸಿದಲ್ಲೆಲ್ಲ ಜನ ಬಂದು ಬೆಲೆ ಕೇಳುತ್ತಿದ್ದರು. ಹೆಂಡತಿ, ಇದು ನಮ್ಮದೇ ಎನ್ನುತ್ತಿದ್ದಳು. ಹಾಗಾದರೆ ಚೀಟಿ ಯಾಕೆ ಎಂದರೆ ಡಿಕ್ಕಿ ಮುಚ್ಚಿ ಕಾರು ಹತ್ತುತ್ತಿದ್ದಳು. ಅದನ್ನು ಕಿತ್ತುಹಾಕೋಣ ಎಂದೆ. ಇನ್ನೂ ನಮ್ಮದಾಗದ ಗಾಡಿಯ ಚೀಟಿ ಕೀಳುವುದು ಸರಿಯಲ್ಲ ಎಂದಳು. ಒಂದು ದಿನ ಅಂಗಡಿಯ ಮುಂದೆ ಒಬ್ಬ ಗುತ್ತಿಗೆದಾರ ಕಾರಿನ ಸುತ್ತ ಎರಡು ಸುತ್ತು ಬಂದು, ನಮ್ಮೆದುರೇ ಭಾಯ್‌ಗೆ ಫೋನ್ ಮಾಡಿದ. ನಗದು ಕೊಡುತ್ತೇನೆ, ಇವತ್ತೇ ಕೊಡಿ, ಆಷಾಢ ಗೀಷಾಢ ನನಗಿಲ್ಲ ಎಂದು ಜೋರಾಗಿ ಹೇಳುತ್ತಿದ್ದ. ನನ್ನ ಹಾಗೆ ಯೋಚಿಸುವವನು ಇನ್ನೊಬ್ಬನಿದ್ದ ಎಂದು ಆಗ ಸಂತೋಷವೇನೂ ಆಗಲಿಲ್ಲ. ಹೆಂಡತಿ ಕೈಯಲ್ಲಿ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ನಮ್ಮ ಹತ್ತಿರ ಒಂದು ತುಂಡು ಕಾಗದವಿರಲಿಲ್ಲ, ಕೊಟ್ಟ ಮುಂಗಡವಿರಲಿಲ್ಲ. ಭಾಯ್ ಹೂಂ ಎಂದರೆ ಮಾರನೇ ದಿನದ ಕೇಕ್ ಮನೆಯಲ್ಲೇ ಉಳಿಯುತ್ತಿತ್ತು.

ಗುತ್ತಿಗೆದಾರ ಫೋನನ್ನು ಜೇಬಿಗಿಟ್ಟುಕೊಂಡು ನಮ್ಮನ್ನು ವಿಚಿತ್ರವಾಗಿ ನೋಡಿದ. "ಗಾಡಿ ಟ್ರಯಲ್‌ನಲ್ಲಿದೆಯಂತೆ. ಟ್ರಯಲ್ ಮುಗೀಲಿ ಅಂದ್ರು. ಎಷ್ಟು ದಿನ ಮಾಡ್ತೀರಾ ಮಾರಾಯ್ರೇ ನೀವು ಟ್ರಯಲ್ಲು?"

ಅದು ಸಮಾಧಾನದ ಸುದ್ದಿಯೇ. ಆದರೆ ಮನೆಗೆ ಬರುವಷ್ಟರಲ್ಲಿ ನಾನು ಅದಕ್ಕೊಂದು ಸಿದ್ಧಾಂತ ಕಟ್ಟಿದ್ದೆ. ಭಾಯ್ ವ್ಯಾಪಾರಿ, ವ್ಯಾಪಾರಿಗೆ ಕಾರಣವಿಲ್ಲದೆ ಔದಾರ್ಯ ಬರುವುದಿಲ್ಲ. ನಾವು ಅವರ ಖರ್ಚಿಲ್ಲದ ಜಾಹೀರಾತು, ಅವರ ಚೀಟಿಯನ್ನು ದಿನಾ ಭದ್ರಾವತಿಗೆ ಹೊತ್ತು ತಿರುಗುವವರು. ಬ್ಯಾಟರಿಯೂ ಬದುಕಿರುತ್ತದೆ. ಗುತ್ತಿಗೆದಾರ ಹೇಳಿದ ಬೆಲೆಯನ್ನು ನಾಳೆ ನಮಗೇ ತೋರಿಸಿ ಏರಿಸುತ್ತಾರೆ, ನೋಡುತ್ತಿರು ಎಂದೆ. ಅವಳು ಕ್ರೀಮು ಕಲೆಸುತ್ತಿದ್ದಳು.

"ರೀ, ಯಾರಾದ್ರೂ ಒಳ್ಳೇದು ಮಾಡಿದ್ರೆ ನಿಮಗೆ ಅಜೀರ್ಣ ಆಗುತ್ತೆ," ಎಂದಳು.

ಫೈನಾನ್ಸಿನವರು ಮನೆ ನೋಡಲು ಬಂದದ್ದು ಮಳೆ ಜೋರಾಗಿದ್ದ ಒಂದು ಮಧ್ಯಾಹ್ನ. ಓವನ್ ನೋಡಿದರು, ಫ್ರಿಜ್ ನೋಡಿದರು, ಎರಡಕ್ಕೂ ತಲೆಯಾಡಿಸಿದರು. ಗಾಡಿ ಓಡಿಸುವವರು ಯಾರು ಎಂದು ಕೇಳಿದಾಗ ಹೆಂಡತಿ ನನ್ನತ್ತ ಕೈ ತೋರಿಸಿದಳು. ಅವರು ಏನನ್ನೋ ಬರೆದುಕೊಂಡರು. ಡ್ರೈವರ್ ಎಂದು ಬರೆದಿರಬೇಕು ಎಂದು ಅವಳು ಇವತ್ತಿಗೂ ನಗುತ್ತಾಳೆ. ಇದ್ದರೂ ಇರಬಹುದು, ಆ ತಿಂಗಳ ಮಟ್ಟಿಗೆ ಅದು ತಪ್ಪು ಮಾಹಿತಿಯಲ್ಲ. ಆಮೇಲೆ ಅವರು ನಮ್ಮೆದುರೇ ಭದ್ರಾವತಿಯ ಅಂಗಡಿಗೆ ಫೋನ್ ಮಾಡಿ ತಮಿಳಿನಲ್ಲಿ ಮಾತು ತೆಗೆದರು. ಅಮ್ಮ ಕನ್ನಡದಲ್ಲೇ ಉತ್ತರ ಕೊಟ್ಟರು, ಅದು ನಮಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು.

"ಅವಳು ದಿನಾ ಕೇಕ್ ಕೊಡ್ತಾಳೆ, ನಾನು ದಿನಾ ದುಡ್ಡು ಕೊಡ್ತೀನಿ. ನೀನು ಒಂದ್ಸಲ ಸಾಲ ಕೊಡು. ಇದರಲ್ಲಿ ಕೇಳೋದೇನಿದೆ?"

ಸಾಲ ಆಯಿತು. ಭೀಮನ ಅಮಾವಾಸ್ಯೆ ಕಳೆದು ಶ್ರಾವಣ ಬಂದ ಮೇಲೆ ಆಲ್ಕೊಳಕ್ಕೆ ಹೋಗಿ ಹೆಂಡತಿ ಸಹಿಗಳನ್ನು ಹಾಕಿದಳು. ನಾನು ಜಾಮೀನುದಾರನ ಜಾಗದಲ್ಲಿ ಕೂಡ ಬೇಕಾಗಲಿಲ್ಲ. ಬೆಲೆ ಮೊದಲು ಮಾತಾಡಿದ್ದೇ. ನನ್ನ ಸಿದ್ಧಾಂತದ ಒಂದು ಕಾಲು ಅಲ್ಲಿ ಮುರಿಯಿತು. ಭಾಯ್ ಮೇಜಿನ ಡ್ರಾಯರಿನಿಂದ ತಾವೇ ನಿಂಬೆಹಣ್ಣು, ಕರ್ಪೂರ, ಕುಂಕುಮದ ಪೊಟ್ಟಣ ತೆಗೆದುಕೊಟ್ಟರು. ಶ್ರಾವಣ ಪೂರ್ತಿ ಅವರು ಇದನ್ನೆಲ್ಲ ಇಟ್ಟುಕೊಂಡಿರುತ್ತಾರಂತೆ, ತರಲು ಮರೆತು ಬರುವವರು ದಿನಕ್ಕೊಬ್ಬರಾದರೂ ಇರುತ್ತಾರಂತೆ. ಆ ದಿನ ಹಾಗೆ ಮರೆತು ಬಂದವರು ನಾವು. ಹಿಂದಿನ ಗಾಜಿನ ಚೀಟಿಯನ್ನು ಅವರೇ ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿ ತೆಗೆದರು. ಹೆಂಡತಿ ಕೊಟ್ಟ ಕೇಕನ್ನು ಅಲ್ಲೇ ಕತ್ತರಿಸಿ, ಎಲ್ಲರಿಗೂ ಹಂಚಿ, ತಾವು ಕೊನೆಗೆ ತಿಂದರು.

"ಮೊಟ್ಟೆ ಇಲ್ಲ ಅಂತ ಗೊತ್ತಾಗಲ್ಲ," ಎಂದರು. ಸ್ವಲ್ಪ ಯೋಚಿಸಿ, "ಗೊತ್ತಾಗ್ತದೆ. ಆದ್ರೂ ಚೆನ್ನಾಗಿದೆ," ಎಂದರು.

ಈಗ ಅವಳ ಕೇಕ್ ಭದ್ರಾವತಿಯಲ್ಲಿ ಇನ್ನೂ ಕೆಲವು ಅಂಗಡಿಗಳಿಗೆ ಹೋಗುತ್ತದೆ. ಕಾರನ್ನು ಅವಳೇ ಓಡಿಸುತ್ತಾಳೆ. ನನಗೆ ತರಗತಿ ಇಲ್ಲದ ದಿನ ಹಿಂದೆ ಡಬ್ಬಿಗಳ ಪಕ್ಕ ನಾನು ಕೂರುತ್ತೇನೆ. ಹವ್ಯಾಸ ಎಂಬ ಮಾತನ್ನು ನೆಂಟರು ಬಿಟ್ಟಿದ್ದಾರೆ. ಈಗ, ಅವಳ ಬಿಸಿನೆಸ್ ಹೇಗಿದೆ ಎಂದು ಕೇಳುತ್ತಾರೆ, ನನ್ನದನ್ನು ಕೇಳುವುದಿಲ್ಲ. ನಾನು ನೆಮ್ಮದಿಯಾಗಿದ್ದೇನೆ. ಈ ವಾಕ್ಯವನ್ನೂ ಒಂದು ಸಲ ಪರೀಕ್ಷಿಸಿ ನೋಡಿದೆ, ನಿಲ್ಲುತ್ತದೆ.

ಹೋದ ತಿಂಗಳು ಮನೆಗೆ ಬಂದವರೆದುರು ಮತ್ತೆ ಅದೇ ಜಗಳ ಎದ್ದಿತು. ಆಷಾಢದ ಉಪಾಯ ನನ್ನದು ಎಂದು ನಾನು, ಟೈರಿನ ಹತ್ತಿರ ಮಂಡಿಯೂರಿದ್ದೆ ಎಂದು ಅವಳು. ಬಂದವರು ಹೋದ ಮೇಲೆ ನನಗೆ ನಾಚಿಕೆಯಾಯಿತು. ತರಗತಿಯಲ್ಲಿ ಹೇಳುವುದೊಂದು, ಮನೆಯಲ್ಲಿ ಮಾಡುವುದೊಂದು. ಯಾರು ಏನು ಹೇಳಿದರು ಎಂಬುದಕ್ಕೆ ಈಗ ಪುರಾವೆ ಸಿಗುವುದಿಲ್ಲ, ಆದರೆ ಯಾವತ್ತು ಎಂಬುದಕ್ಕೆ ಸಿಗಬಹುದು ಎಂದುಕೊಂಡು ಅವಳ ಫೋನ್ ತೆಗೆದೆ. ಆ ಮೊದಲ ಸೋಮವಾರ ಅಮ್ಮನ ಕಪಾಟಿನಲ್ಲಿ ತೆಗೆದ ಪೈನಾಪಲ್ ಕೇಕಿನ ಫೋಟೋ ಇತ್ತು, ಅದರ ಮೇಲೆ ತಾರೀಖು ಇತ್ತು. ಅಡುಗೆಮನೆಯ ಮೊಳೆಯಲ್ಲಿ ಹೊಸ ಕ್ಯಾಲೆಂಡರಿನ ಹಿಂದೆ ಹಳೆಯ ವರ್ಷಗಳವೂ ನೇತಾಡುತ್ತಿರುತ್ತವೆ, ಅವಳು ಬಿಸಾಡುವುದಿಲ್ಲ. ಆ ವರ್ಷದ್ದನ್ನು ತೆಗೆದು ತಿಂಗಳು ತಿರುವಿ ನೋಡಿದೆ. ಒಂದು ಸಲ ನೋಡಿದೆ, ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿ, ಅವಳನ್ನು ಕೂಗಿ ತೋರಿಸಿದೆ.

ಅವಳು ಕೈಯಲ್ಲಿ ಕ್ರೀಮಿನ ಕೋನ್ ಹಿಡಿದುಕೊಂಡೇ ಬಗ್ಗಿ ನೋಡಿದಳು. "ನೀವು ಆಷಾಢ ಅಂದ್ರಿ," ಎಂದಳು. "ಭಾಯ್ ಹೂಂ ಅಂದ್ರು."

ಅನುಮಾನ ಉಳಿಯಬಾರದೆಂದು ಮಾರನೆಯ ದಿನ ಕಾಲೇಜಿನ ಗ್ರಂಥಾಲಯದಲ್ಲಿ ಆ ವರ್ಷದ ಪಂಚಾಂಗವನ್ನೂ ನೋಡಿಬಂದೆ. ಎರಡೂ ತಾಳೆಯಾಗುತ್ತವೆ. ಭಾಯ್ ಕಾರಿನ ಕೀಲಿಯನ್ನು ನಮ್ಮ ಕೈಗಿಟ್ಟಾಗ ಇನ್ನೂ ಜ್ಯೇಷ್ಠ ಮಾಸ ನಡೆಯುತ್ತಿತ್ತು, ವಾಹನ ಕೊಳ್ಳಲು ಒಳ್ಳೆಯದೆಂದು ಗುರುತು ಹಾಕಿದ ದಿನಗಳು ಆ ವಾರದಲ್ಲೇ ಇದ್ದವು. ಆಷಾಢ ಶುರುವಾದದ್ದು ಅದರ ಮುಂದಿನ ವಾರ.